ಮಂಗಳದಲ್ಲಿ ಇಳಿಯುವುದೇ ಕಷ್ಟ: ರೋವರ್‌ಗಳು ಹೋದ ದಾರಿ, ಮನುಷ್ಯರು ಮುಂದೂಡಿದ ಪಯಣ

ಮಂಗಳದ ನೆಲಕ್ಕೆ ಹೋದ ಮೊದಲ ರೋವರ್ ಯಾವುದು ಅಂತ ಕೇಳಿದರೆ ಹೆಚ್ಚಿನವರು 1997ರ ಸೋಜರ್ನರ್ ಹೆಸರು ಹೇಳುತ್ತಾರೆ. ಅಲ್ಲಿ ಓಡಾಡಿದ ಮೊದಲ ರೋವರ್ ಅದೇ, ನಿಜ. ಆದರೆ ಅದಕ್ಕೂ 26 ವರ್ಷ ಮೊದಲು ಇನ್ನೊಂದು ಪುಟ್ಟ ಯಂತ್ರ ಅಲ್ಲಿಗೆ ಹೋಗಿತ್ತು. ಸೋವಿಯತ್ ಒಕ್ಕೂಟ ಕಳಿಸಿದ್ದ ಆ ಯಂತ್ರದ ಹೆಸರು ಪ್ರಾಪ್-ಎಂ. ತೂಕ ನಾಲ್ಕೂವರೆ ಕೆಜಿ. ಚಕ್ರ ಇರಲಿಲ್ಲ, ಹಿಮದ ಮೇಲೆ ಜಾರುವವರು ಕಾಲಿಗೆ ಕಟ್ಟಿಕೊಳ್ಳುವಂಥ ಎರಡು ಪಟ್ಟಿಗಳಿದ್ದವು. 15 ಮೀಟರ್ ಕೇಬಲ್‌ನಲ್ಲಿ ಅದನ್ನು ಲ್ಯಾಂಡರ್‌ಗೆ, ಅಂದರೆ ನೆಲಕ್ಕಿಳಿದು ಅಲ್ಲೇ ಕೂರುವ ನೌಕೆಗೆ, ಜೋಡಿಸಿದ್ದರು, ಗೂಟಕ್ಕೆ ಕರು ಕಟ್ಟಿದ ಹಾಗೆ. ಮುಂದೆ ಕಲ್ಲು ತಾಗಿದರೆ ಹಿಂದೆ ಸರಿದು ಬೇರೆ ದಾರಿ ಹಿಡಿಯುವಷ್ಟು ಬುದ್ಧಿಯೂ ಅದಕ್ಕಿತ್ತು.

1971ರ ಡಿಸೆಂಬರ್ 2ರಂದು ಮಾರ್ಸ್ 3 ಲ್ಯಾಂಡರ್ ಈ ಕರುವನ್ನು ಹೊತ್ತು ಮಂಗಳದಲ್ಲಿ ಇಳಿಯಿತು. ಒಡೆಯದೆ ಮೆಲ್ಲಗೆ ಇಳಿದ ಮೊದಲ ನೌಕೆ ಅದು. ಆಗ ಇಡೀ ಗ್ರಹವನ್ನು ಧೂಳಿನ ಬಿರುಗಾಳಿ ಮುಚ್ಚಿತ್ತು. ಲ್ಯಾಂಡರ್ ಸುಮಾರು 20 ಸೆಕೆಂಡ್ ಮಾತಾಡಿತು, ಆಮೇಲೆ ಸುಮ್ಮನಾಯಿತು. ಕರು ಒಂದು ಹೆಜ್ಜೆ ಇಡುವ ಮೊದಲೇ ಕೊಟ್ಟಿಗೆಯ ಬಾಗಿಲು ಮುಚ್ಚಿತ್ತು.

ಈ ಕಥೆಯಿಂದಲೇ ಶುರು ಮಾಡಲು ಕಾರಣ ಇದೆ. ಮಂಗಳಯಾನ ಅಂದ ಕೂಡಲೇ ರಾಕೆಟ್ ಎಷ್ಟು ದೊಡ್ಡದು, ಎಷ್ಟು ತಿಂಗಳ ದಾರಿ ಅನ್ನುವ ಮಾತೇ ಜಾಸ್ತಿ. ನನ್ನನ್ನು ಕೇಳಿದರೆ ಅಸಲಿ ತೊಡಕು ಇರುವುದು ಕೊನೆಯ ಏಳು ನಿಮಿಷದಲ್ಲಿ, ಅಂದರೆ ಇಳಿಯುವುದರಲ್ಲಿ. ರೋವರ್‌ಗಳು ಐವತ್ತು ವರ್ಷದಲ್ಲಿ ನಿಧಾನವಾಗಿ ದೊಡ್ಡದಾದದ್ದಕ್ಕೂ, ಮನುಷ್ಯರ ಪಯಣದ ತಾರೀಕು ಪ್ರತಿ ಸಲ ಮುಂದಕ್ಕೆ ಹೋಗಿದ್ದಕ್ಕೂ ನಡುವೆ ಇರುವ ನಂಟು ಅದೇ.

ಮಂಗಳದ ಗಾಳಿ ಒಂಥರಾ ಬಾಯಲ್ಲಿಟ್ಟ ಬಿಸಿ ತುಪ್ಪ. ಅದರ ಒತ್ತಡ ಭೂಮಿಯ ಗಾಳಿಯ ಶೇಕಡಾ 1ಕ್ಕಿಂತಲೂ ಕಡಿಮೆ. ಗಂಟೆಗೆ ಸುಮಾರು 20,000 ಕಿಮೀ ವೇಗದಲ್ಲಿ ಒಳನುಗ್ಗುವ ನೌಕೆಯನ್ನು ಸುಟ್ಟು ಹಾಕಲು ಅಷ್ಟು ಗಾಳಿ ಸಾಕು. ಆದರೆ ಅದೇ ನೌಕೆಯನ್ನು ಪ್ಯಾರಾಚೂಟ್‌ನಲ್ಲಿ ಮೆಲ್ಲಗೆ ಇಳಿಸಲು ಸಾಲದು.

ಈ ಸಂಗತಿ ಗೊತ್ತಾಗಿದ್ದು 1965ರಲ್ಲಿ. ಅದಕ್ಕೂ ಮೊದಲು ಎಲ್ಲ ಸುಲಭ ಅನ್ನಿಸಿತ್ತು. ರಾಕೆಟ್ ತಜ್ಞ ವೆರ್ನರ್ ಫಾನ್ ಬ್ರೌನ್ 1950ರ ಹೊತ್ತಿಗೇ ಒಂದು ಭಾರಿ ಯೋಜನೆ ಬರೆದಿಟ್ಟಿದ್ದರು. 10 ಹಡಗು, 70 ಜನ. ಮಂಗಳದ ಸುತ್ತ ಸುತ್ತುತ್ತಾ, ಅಲ್ಲಿಂದ ರೆಕ್ಕೆಯಿರುವ ಗ್ಲೈಡರ್‌ನಲ್ಲಿ ವಿಮಾನದಂತೆ ತೇಲಿ ಧ್ರುವದ ಮಂಜಿನ ಮೇಲೆ ಇಳಿಯುವುದು. ಆಗಿನ ಅಂದಾಜಿನ ಪ್ರಕಾರ ಮಂಗಳದ ಗಾಳಿ ನಿಜಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ದಟ್ಟ. ಅಷ್ಟು ಗಾಳಿ ಇದ್ದಿದ್ದರೆ ರೆಕ್ಕೆ ಕೆಲಸ ಮಾಡುತ್ತಿತ್ತು.

1965ರ ಜುಲೈನಲ್ಲಿ ಅಮೆರಿಕದ ಮ್ಯಾರಿನರ್ 4 ನೌಕೆ ಮಂಗಳದ ಪಕ್ಕದಲ್ಲೇ ಹಾದು ಹೋಯಿತು. ಅದು ತೆಗೆದ ಒಂದೊಂದು ಚಿತ್ರ ಭೂಮಿಗೆ ಬರಲು ಎಂಟು ಗಂಟೆ ಬೇಕಿತ್ತು. ಬರುತ್ತಿದ್ದದ್ದು ಬರೀ ಅಂಕಿಗಳು, ಒಂದೊಂದು ಅಂಕಿ ಒಂದೊಂದು ಚುಕ್ಕೆಯ ಹೊಳಪು. ಕಂಪ್ಯೂಟರ್ ಅದನ್ನು ಚಿತ್ರ ಮಾಡಿಕೊಡುವ ತನಕ ಕಾಯಲು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬಿನ ಎಂಜಿನಿಯರುಗಳಿಗೆ ತಾಳ್ಮೆ ಇರಲಿಲ್ಲ. ಅಂಕಿಗಳನ್ನು ಕಾಗದದ ಪಟ್ಟಿಗಳಲ್ಲಿ ಅಚ್ಚು ಹಾಕಿ, ಪಟ್ಟಿಗಳನ್ನು ಸಾಲಾಗಿ ಹಲಗೆಗೆ ಅಂಟಿಸಿ, ಪೇಸ್ಟಲ್ ಬಳಪ ತಂದು ಕೈಯಿಂದಲೇ ಬಣ್ಣ ತುಂಬಿದರು. ಇಷ್ಟಂಕಿಗೆ ಕಂದು, ಇಷ್ಟಂಕಿಗೆ ಹಳದಿ ಅಂತ. ಬೇರೊಂದು ಗ್ರಹದ ಹತ್ತಿರದ ಮೊದಲ ಚಿತ್ರ ಮೂಡಿದ್ದು ಮಕ್ಕಳ ಚಿತ್ರಪುಸ್ತಕದ ರೀತಿಯಲ್ಲಿ.

ಆ ಚಿತ್ರಗಳಲ್ಲಿ ಜನ ಊಹಿಸಿಕೊಂಡಿದ್ದ ಕಾಲುವೆಯೂ ಇಲ್ಲ, ಹಸಿರೂ ಇಲ್ಲ. ಚಂದ್ರನ ಮೇಲಿರುವಂಥ ಕುಳಿಗಳು. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಇನ್ನೊಂದು ಅಳತೆ. ನೌಕೆ ಮಂಗಳದ ಹಿಂದೆ ಮರೆಯಾಗುವಾಗ ಅದರ ರೇಡಿಯೋ ಅಲೆಗಳು ಅಲ್ಲಿನ ಗಾಳಿಯ ಮೂಲಕ ಹಾದು ಬಂದವು. ಅದರಿಂದ ಗಾಳಿ ಎಷ್ಟು ತೆಳು ಅಂತ ಲೆಕ್ಕ ಸಿಕ್ಕಿತು. ಫಾನ್ ಬ್ರೌನ್ ಅವರ ಗ್ಲೈಡರ್ ಅಂದೇ ಮೂಲೆ ಸೇರಿತು.

ಆಮೇಲಿನ ಕಥೆಯನ್ನು ತೂಕದ ಲೆಕ್ಕದಲ್ಲಿ ಓದಬಹುದು. 1976ರಲ್ಲಿ ಎರಡು ವೈಕಿಂಗ್ ಲ್ಯಾಂಡರ್‌ಗಳು ಇಳಿದವು. ಮಣ್ಣಿನಲ್ಲಿ ಜೀವ ಇದೆಯಾ ಅಂತ ಹುಡುಕಿದವು, ಸಿಕ್ಕ ಉತ್ತರದ ಬಗ್ಗೆ ಜಗಳ ಪೂರ್ತಿ ಮುಗಿದಿಲ್ಲ. ಅವು ಇದ್ದಲ್ಲೇ ಇದ್ದವು, ಮೂರು ಮೀಟರ್ ಆಚೆ ಚಂದದ ಕಲ್ಲಿದ್ದರೂ ನೋಡಿಕೊಂಡು ಕೂರಬೇಕಿತ್ತು. 1997ರಲ್ಲಿ 10.6 ಕೆಜಿಯ ಸೋಜರ್ನರ್ ಬಂತು. ಲ್ಯಾಂಡರ್ ಸುತ್ತ ಗಾಳಿಚೀಲ ಉಬ್ಬಿಸಿ ಚೆಂಡಿನಂತೆ ಎಸೆದುಬಿಟ್ಟರು. ಪುಟಿದು ಪುಟಿದು ನಿಂತಿತು. ಒಂದು ವಾರ ಬಾಳಿದರೆ ಸಾಕು ಅಂದುಕೊಂಡಿದ್ದ ರೋವರ್ 83 ಮಂಗಳದ ದಿನ ಕೆಲಸ ಮಾಡಿತು, ಸುಮಾರು 100 ಮೀಟರ್ ಓಡಾಡಿತು.

ನಡುವೆ 1999ರಲ್ಲಿ ನಾಸಾಕ್ಕೆ ಮುಖಭಂಗ. ಒಂದು ನೌಕೆಯ ಲೆಕ್ಕದಲ್ಲಿ ಬಲ ಅಳೆಯಲು ಒಂದು ತಂಡ ಪೌಂಡ್ ಹಿಡಿದಿತ್ತು, ಇನ್ನೊಂದು ತಂಡ ನ್ಯೂಟನ್ ಹಿಡಿದಿತ್ತು. ನೌಕೆ ಕೈತಪ್ಪಿತು. ಅದೇ ವರ್ಷ ಧ್ರುವದ ಬಳಿ ಇಳಿಯಬೇಕಿದ್ದ ಲ್ಯಾಂಡರ್ ಕೂಡ ಹೋಯಿತು.

2004ರ ಜನವರಿಯಲ್ಲಿ ಮೂರು ವಾರದ ಅಂತರದಲ್ಲಿ ಸ್ಪಿರಿಟ್ ಮತ್ತು ಆಪರ್ಚುನಿಟಿ ಇಳಿದವು. ಇವೂ ಗಾಳಿಚೀಲದಲ್ಲೇ ಪುಟಿದವು. ಒಂದೊಂದೂ ಸುಮಾರು 180 ಕೆಜಿ, ಹೆಚ್ಚುಕಮ್ಮಿ ಆ ವಿಧಾನದ ಮಿತಿ. 90 ದಿನದ ಆಯಸ್ಸು ಕೊಟ್ಟು ಕಳಿಸಿದ್ದ ಜೋಡಿ. ಮಂಗಳದ ಒಂದು ದಿನ ನಮ್ಮ ದಿನಕ್ಕಿಂತ ಸುಮಾರು 40 ನಿಮಿಷ ಉದ್ದ. ಹಾಗಾಗಿ ಭೂಮಿಯ ಮೇಲಿನ ತಂಡ ಪ್ರತಿದಿನ 40 ನಿಮಿಷ ತಡವಾಗಿ ಕೆಲಸಕ್ಕೆ ಬರುತ್ತಿತ್ತು. ಇವತ್ತು ಬೆಳಗ್ಗೆ 8 ಆದರೆ ಎರಡೂವರೆ ವಾರಕ್ಕೆ ರಾತ್ರಿ 8. ಕಿಟಕಿಗೆ ದಪ್ಪ ಪರದೆ ಹಾಕಿ ಹಗಲಲ್ಲಿ ಮಲಗುತ್ತಿದ್ದರು. ಮಂಗಳದ ಸಮಯ ತೋರಿಸುವ ಕೈಗಡಿಯಾರವನ್ನೇ ಮಾಡಿಸಿಕೊಂಡರು.

ರೋವರ್ ಓಡಿಸುವುದು ಅಂದರೆ ವಿಡಿಯೋ ಗೇಮ್ ಅಲ್ಲ. ಮಾತು ಅಲ್ಲಿಗೆ ಮುಟ್ಟಲು 3ರಿಂದ 22 ನಿಮಿಷ ಬೇಕು. ಇಡೀ ದಿನದ ಕೆಲಸವನ್ನು ಬೆಳಗ್ಗೆ ಬರೆದು ಕಳಿಸಬೇಕು, ಸಂಜೆ ಏನಾಯಿತು ಅಂತ ನೋಡಬೇಕು.

ಸ್ಪಿರಿಟ್‌ನ ಒಂದು ಘಟನೆ ನನಗೆ ತುಂಬಾ ಇಷ್ಟ. 2006ರಲ್ಲಿ ಅದರ ಮುಂದಿನ ಬಲ ಚಕ್ರ ತಿರುಗುವುದನ್ನು ನಿಲ್ಲಿಸಿತು. ಆರು ಚಕ್ರದಲ್ಲಿ ಒಂದು ಸತ್ತರೆ ಅದನ್ನು ಎಳೆದುಕೊಂಡೇ ಹೋಗಬೇಕು. ತಂಡದವರು ರೋವರನ್ನು ರಿವರ್ಸ್‌ನಲ್ಲಿ ಓಡಿಸಲು ಕಲಿತರು. ಹಿಂದುಹಿಂದಕ್ಕೆ ಹೋಗುತ್ತಾ, ಕುಂಟು ಚಕ್ರ ನೇಗಿಲಿನ ಹಾಗೆ ನೆಲದಲ್ಲಿ ಸಾಲು ಎಳೆಯುತ್ತಿತ್ತು. 2007ರಲ್ಲಿ ಒಂದು ದಿನ ಆ ಸಾಲಿನಲ್ಲಿ ಬೆಳ್ಳಗಿನ ಮಣ್ಣು ಕಂಡಿತು. ಪರೀಕ್ಷಿಸಿದರೆ ಶೇಕಡಾ 90ರಷ್ಟು ಸಿಲಿಕಾ. ಬಿಸಿನೀರಿನ ಬುಗ್ಗೆಯೋ ಹಬೆಯ ಬಿರುಕೋ ಇದ್ದ ಕಡೆ ಇಂಥ ಮಣ್ಣು ಉಳಿಯುತ್ತದೆ. ಸೂಕ್ಷ್ಮಜೀವಿಗಳು ಬದುಕಲು ಒಳ್ಳೆಯ ಜಾಗ. ಚಕ್ರ ಚೆನ್ನಾಗಿದ್ದಿದ್ದರೆ ರೋವರ್ ಅದರ ಮೇಲೇ ಹತ್ತಿ ಇಳಿದು ಸುಮ್ನೆ ಮುಂದೆ ಹೋಗಿರುತ್ತಿತ್ತು, ಅಲ್ವಾ?

ಸ್ಪಿರಿಟ್ 2009ರಲ್ಲಿ ಮೆತ್ತನೆಯ ಮರಳಲ್ಲಿ ಹೂತು, 2010ರ ಮಾರ್ಚ್‌ನಲ್ಲಿ ಕೊನೆಯ ಸಲ ಮಾತಾಡಿತು. ಆಪರ್ಚುನಿಟಿ ಗಟ್ಟಿ ಪಿಂಡ. 2018ರ ಧೂಳಿನ ಬಿರುಗಾಳಿ ಸೌರಫಲಕ ಮುಚ್ಚುವ ತನಕ 45 ಕಿಮೀ ಓಡಿತು. ಅದು ಸಾಯುವಾಗ 'ಬ್ಯಾಟರಿ ಕಡಿಮೆಯಾಗಿದೆ, ಕತ್ತಲಾಗುತ್ತಿದೆ' ಅಂದಿತು ಅಂತ ಎಲ್ಲೆಡೆ ಹರಿದಾಡಿತಲ್ಲ, ಅದು ಕೊನೆಯ ಅಂಕಿಅಂಶಗಳನ್ನು ಒಬ್ಬ ಪತ್ರಕರ್ತರು ಮನುಷ್ಯರ ಮಾತಿಗೆ ಇಳಿಸಿದ್ದು. ರೋವರ್ ಕಳಿಸಿದ್ದು ಬರೀ ಅಂಕಿ.

ಗಾಳಿಚೀಲಕ್ಕೆ ಹೊರಲಾಗದ ತೂಕ ಬಂದಾಗ ಹೊಸ ಉಪಾಯ ಬೇಕಾಯಿತು. 2012ರ ಆಗಸ್ಟ್‌ನಲ್ಲಿ 899 ಕೆಜಿಯ ಕ್ಯೂರಿಯಾಸಿಟಿ ಗೇಲ್ ಕುಳಿಯಲ್ಲಿ ಇಳಿದಿದ್ದು ಆಕಾಶದ ಕ್ರೇನಿನಲ್ಲಿ. ಮೊದಲು ಶಾಖದ ಗುರಾಣಿ, ಆಮೇಲೆ ಪ್ಯಾರಾಚೂಟ್, ಆಮೇಲೆ ರಾಕೆಟ್ ಇರುವ ಒಂದು ಚೌಕಟ್ಟು. ಅದು ಗಾಳಿಯಲ್ಲೇ ನಿಂತಂತೆ ಇಳಿಯುತ್ತಾ ನೈಲಾನ್ ಹಗ್ಗಗಳಲ್ಲಿ ರೋವರನ್ನು ಕೆಳಗಿಟ್ಟು, ಹಗ್ಗ ಕತ್ತರಿಸಿ, ದೂರ ಹಾರಿ ಬಿತ್ತು. ಇದಿಷ್ಟಕ್ಕೂ ಏಳು ನಿಮಿಷ. ಅಂದು ರೇಡಿಯೋ ಸಂಕೇತ ಬರಲು 14 ನಿಮಿಷ ಬೇಕಿತ್ತು. ಗಾಳಿಗೆ ತಾಗಿತು ಅನ್ನುವ ಸುದ್ದಿ ಭೂಮಿಗೆ ಬಂದಾಗ ರೋವರ್ ನೆಲ ಮುಟ್ಟಿ ಆಗಲೇ ಏಳು ನಿಮಿಷ ಆಗಿತ್ತು.

2021ರ ಫೆಬ್ರವರಿಯಲ್ಲಿ ಪರ್ಸಿವರೆನ್ಸ್ ಕೂಡ ಜೆಜೆರೊ ಕುಳಿಯಲ್ಲಿ ಹೀಗೇ ಇಳಿಯಿತು. ತೂಕ 1,025 ಕೆಜಿ. ಅದರ ಹೊಟ್ಟೆಯಡಿ ಹೋದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಟಿ ಆ ತೆಳು ಗಾಳಿಯಲ್ಲಿ 72 ಸಲ ಹಾರಿತು. ಅದೇ ವರ್ಷ ಮೇನಲ್ಲಿ ಚೀನಾದ ಝುರಾಂಗ್ ರೋವರ್ ಇಳಿದು ಸುಮಾರು 1.9 ಕಿಮೀ ಓಡಾಡಿತು, ಮರುವರ್ಷ ಚಳಿಗೆ ಮಲಗಿದ್ದು ಏಳಲಿಲ್ಲ. ಯುರೋಪಿನ ರೊಸಾಲಿಂಡ್ ಫ್ರಾಂಕ್ಲಿನ್ ರೋವರ್ ಎರಡು ಮೀಟರ್ ಆಳ ಕೊರೆಯುವ ಡ್ರಿಲ್ ಹೊತ್ತು ಇನ್ನೂ ಸರದಿಯಲ್ಲಿದೆ. 2022ರಲ್ಲಿ ಹೊರಡಬೇಕಿತ್ತು, ಯುಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಜೊತೆಗಿನ ಪಾಲುದಾರಿಕೆ ಮುರಿಯಿತು.

ಅಂದರೆ ಇಷ್ಟು ದಶಕಗಳ ಸಾಧನೆ ಒಂದು ಸಲಕ್ಕೆ ಒಂದು ಟನ್. ಮನುಷ್ಯರನ್ನು ಇಳಿಸಲು ಕಡಿಮೆ ಅಂದರೂ 20 ಟನ್ ಇಳಿಸಬೇಕು, ಅದೂ ಒಂದು ಸಲ ಅಲ್ಲ, ಹಲವು ಸಲ. ಕ್ರೇನನ್ನು ಇಪ್ಪತ್ತು ಪಟ್ಟು ದೊಡ್ಡದು ಮಾಡಿದರೆ ಆಗುವ ಕೆಲಸ ಇದಲ್ಲ. ಅಷ್ಟು ತೂಕಕ್ಕೆ ಬೇಕಾದ ಪ್ಯಾರಾಚೂಟನ್ನು ಬಿಚ್ಚಿ ನಿಲ್ಲಿಸುವುದೇ ಆಗದ ಮಾತು. ಶಬ್ದಕ್ಕಿಂತ ವೇಗವಾಗಿ ಬೀಳುತ್ತಿರುವಾಗಲೇ ರಾಕೆಟ್ ಉರಿಸಿ ಬ್ರೇಕ್ ಹಾಕಬೇಕು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ತಾರೀಕುಗಳನ್ನು ನೋಡಿ. 1969ರಲ್ಲಿ, ಚಂದ್ರನ ಮೇಲೆ ಕಾಲಿಟ್ಟ ಹುಮ್ಮಸ್ಸಿನಲ್ಲಿ, ಫಾನ್ ಬ್ರೌನ್ 1982ರಲ್ಲಿ ಮಂಗಳ ಅಂದರು. ನಿಕ್ಸನ್ ಸರ್ಕಾರ ಬದಲಿಗೆ ಸ್ಪೇಸ್ ಷಟಲ್ ಆರಿಸಿಕೊಂಡಿತು. 1989ರಲ್ಲಿ ಹಿರಿಯ ಬುಷ್ ಮತ್ತೆ ಮಾತೆತ್ತಿದರು. ಖರ್ಚಿನ ಅಂದಾಜು 40 ಸಾವಿರ ಕೋಟಿ ಡಾಲರ್ ದಾಟಿತು, ಸಂಸತ್ತು ಮುಖ ತಿರುಗಿಸಿತು. 2010ರಲ್ಲಿ ಒಬಾಮಾ 2030ರ ದಶಕದ ನಡುವಿಗೆ ಮಂಗಳದ ಸುತ್ತ ಸುತ್ತಿ ಬರುವುದು ಅಂದರು. 2017ರಲ್ಲಿ ಇಲಾನ್ ಮಸ್ಕ್ 2024ಕ್ಕೇ ಜನ ಹೊರಡುತ್ತಾರೆ ಅಂದರು. 2024 ಬಂತು, ಹೋಯಿತು.

ಹಾಗಂತ ರೋವರ್ ಇದ್ದರೆ ಸಾಕು, ಮನುಷ್ಯ ಯಾಕೆ ಅನ್ನುವ ವಾದವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. 1972ರಲ್ಲಿ ಅಪೊಲೊ 17ರ ಇಬ್ಬರು ಚಂದ್ರನ ಮೇಲೆ ಮೂರು ದಿನದಲ್ಲಿ ಸುಮಾರು 35 ಕಿಮೀ ಗಾಡಿ ಓಡಿಸಿ 110 ಕೆಜಿ ಕಲ್ಲು ತಂದರು. ಆಪರ್ಚುನಿಟಿಗೆ 45 ಕಿಮೀ ಹೋಗಲು 14 ವರ್ಷ ಹಿಡಿಯಿತು. ರೋವರ್ ಒಂದು ದಿನ ಮಾಡುವ ಕೆಲಸವನ್ನು ಮನುಷ್ಯ ಒಂದು ನಿಮಿಷದೊಳಗೆ ಮಾಡುತ್ತಾನೆ ಅಂತ ಆ ಜೋಡಿ ರೋವರ್‌ಗಳ ವಿಜ್ಞಾನ ತಂಡದ ಮುಖ್ಯಸ್ಥ ಸ್ಟೀವ್ ಸ್ಕ್ವೈರ್ಸ್ ಅವರೇ ಹೇಳಿದ್ದಾರೆ.

ಇನ್ನೊಂದು ಕಡೆ, ಮನುಷ್ಯನಿಗೆ ಏನಾಗುತ್ತದೆ ಅನ್ನುವುದನ್ನು ಅಳೆಯುತ್ತಿರುವವೂ ರೋವರ್‌ಗಳೇ. ಕ್ಯೂರಿಯಾಸಿಟಿ ಹೋಗುವ ದಾರಿಯಲ್ಲೇ ವಿಕಿರಣ ಅಳೆಯಿತು. ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ). ಬರೀ ಹೋಗಿ ಬರುವ ದಾರಿಯ ಲೆಕ್ಕವೇ 660ರ ಹತ್ತಿರ ಬರುತ್ತದೆ. ಒಬ್ಬ ಗಗನಯಾತ್ರಿಯ ಇಡೀ ವೃತ್ತಿಜೀವನಕ್ಕೆ ನಾಸಾ ಹಾಕಿರುವ ಮಿತಿ 600. ಪರ್ಸಿವರೆನ್ಸ್‌ನಲ್ಲಿದ್ದ ಮಾಕ್ಸಿ ಅನ್ನುವ ಡಬ್ಬಿ ಅಲ್ಲಿನ ಇಂಗಾಲದ ಡೈಆಕ್ಸೈಡ್‌ನಿಂದ ಆಮ್ಲಜನಕ ಮಾಡಿ ತೋರಿಸಿತು. 16 ಸಲ ಓಡಿ ಒಟ್ಟು 122 ಗ್ರಾಂ. ಒಂದು ಸಣ್ಣ ನಾಯಿ ಹತ್ತು ಗಂಟೆ ಉಸಿರಾಡುವಷ್ಟು. ನಾಲ್ಕು ಜನರನ್ನು ಮಂಗಳದ ನೆಲದಿಂದ ಮೇಲೆತ್ತುವ ರಾಕೆಟ್‌ಗೆ ಬೇಕಾದದ್ದು 25 ಟನ್. ನಗಬೇಡಿ, ಈ ಡಬ್ಬಿಯ ದೊಡ್ಡ ಅಣ್ಣ ಕೆಲಸ ಮಾಡಿದರೆ ಇಳಿಸಬೇಕಾದ ತೂಕದಲ್ಲಿ ಅಷ್ಟೂ ಟನ್ ಉಳಿತಾಯ.

ಮನಸ್ಸಿನ ಪರೀಕ್ಷೆ ಭೂಮಿಯಲ್ಲೇ ನಡೆಯುತ್ತಿದೆ. 2010-11ರಲ್ಲಿ ಮಾಸ್ಕೋದಲ್ಲಿ ಆರು ಜನ 520 ದಿನ ಬೀಗ ಹಾಕಿಕೊಂಡು ಕೂತರು. 2023-24ರಲ್ಲಿ ಹ್ಯೂಸ್ಟನ್‌ನಲ್ಲಿ ನಾಲ್ವರು 378 ದಿನ ಇದ್ದರು. ಭೂಮಿ-ಮಂಗಳ ಸರಿಯಾದ ಜಾಗಕ್ಕೆ ಬರುವುದು 26 ತಿಂಗಳಿಗೊಮ್ಮೆ. ಹಾಗಾಗಿ ಹೋದವರು ವಾಪಸ್ ಬರಲು ಎರಡೂವರೆಯಿಂದ ಮೂರು ವರ್ಷ ಬೇಕು. ನಡುವೆ ಹೆದರಿಕೆಯಾಯಿತು ಅಂತ ತಿರುಗಿ ಬರುವ ಹಾಗಿಲ್ಲ.

ಸದ್ಯಕ್ಕೆ ಮನುಷ್ಯ ಅಲ್ಲಿಗೆ ಹೋಗುವ ಮೊದಲು ಮಂಗಳದ ಕಲ್ಲು ಭೂಮಿಗೆ ಬರಬೇಕು ಅನ್ನುವುದು ಲೆಕ್ಕ. ಅಲ್ಲೂ ಅದೇ ತೊಡಕು. ಇಳಿಯಬೇಕು, ಮತ್ತೆ ಹಾರಬೇಕು. ನಾಸಾದ ಯೋಜನೆಯ ಖರ್ಚು 1,100 ಕೋಟಿ ಡಾಲರ್‌ಗೆ ಏರಬಹುದು, ಕಲ್ಲು ಬರುವುದು 2040ಕ್ಕೆ ಅಂತ 2024ರಲ್ಲಿ ಗೊತ್ತಾಯಿತು. ಇಷ್ಟು ದುಡ್ಡು, ಇಷ್ಟು ತಡ ಆಗದು ಅಂತ ನಾಸಾವೇ ಹೇಳಿತು. ಚೀನಾ 2028ರ ಸುಮಾರಿಗೆ ತನ್ನದೇ ನೌಕೆ ಹೊರಡಿಸುವ ತಯಾರಿಯಲ್ಲಿದೆ.

ಪರ್ಸಿವರೆನ್ಸ್ ತನ್ನ ಪಾಲಿನ ಕೆಲಸ ಮಾಡಿದೆ. 2022ರ ಡಿಸೆಂಬರ್ 21ರಂದು ಅದು ಹೊಟ್ಟೆಯೊಳಗಿಂದ ಮೊದಲ ಟೈಟಾನಿಯಂ ಕೊಳವೆಯನ್ನು ತೆಗೆಯಿತು. ತೆಗೆಯಲೇ ಹತ್ತಿರ ಹತ್ತಿರ ಒಂದು ಗಂಟೆ ಬೇಕಾಯಿತು. ಒಳಗೆ ಬೆರಳಿನಷ್ಟು ಕಲ್ಲು. ಒಂದು ಮೀಟರ್‌ಗಿಂತ ಕಡಿಮೆ ಎತ್ತರದಿಂದ ಅದನ್ನು ನೆಲಕ್ಕೆ ಬೀಳಿಸಿ, ಕ್ಯಾಮೆರಾ ಇರುವ ತೋಳನ್ನು ಬಗ್ಗಿಸಿ ನೋಡಿತು. ಕೊಳವೆ ನೆಟ್ಟಗೆ ನಿಂತುಬಿಟ್ಟಿದ್ದರೆ ಮುಂದೆ ಎತ್ತಿಕೊಳ್ಳುವವರಿಗೆ ಕಷ್ಟ, ಆಗ ತೋಳಿನಿಂದ ಮೆಲ್ಲಗೆ ತಳ್ಳಿ ಮಲಗಿಸಬೇಕು. ಅದಕ್ಕೂ ಆದೇಶ ಬರೆದಿಟ್ಟಿದ್ದರು. ಬೇಕಾಗಲಿಲ್ಲ. ಆರು ವಾರದೊಳಗೆ ಇದೂ ಸೇರಿ ಇಂಥ ಹತ್ತು ಕೊಳವೆಗಳು ಅಂಕುಡೊಂಕು ಸಾಲಿನಲ್ಲಿ, 5ರಿಂದ 15 ಮೀಟರ್ ಅಂತರದಲ್ಲಿ ನೆಲದ ಮೇಲೆ ಬಿದ್ದವು. ಧೂಳು ಮುಚ್ಚಿದರೂ ಹುಡುಕಲು ಸಿಗಲಿ ಅಂತ ಪ್ರತಿಯೊಂದರ ಜಾಗವನ್ನೂ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಗುರುತು ಹಾಕಿಟ್ಟಿದ್ದಾರೆ.