ಆರ್‌ವಿ-10 ವಿಮಾನದ ಬಾಗಿಲು: ಹಿಂದಿನ ಅಗುಳಿ ಗೂಡಿನೊಳಗೆ ಕೂತಿದೆಯೇ?

ಅಮೆರಿಕದ ಒರೆಗಾನ್ ರಾಜ್ಯದ ಅರೋರಾ ಊರಿನ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಮಾರುವ ಬಿಡಿಭಾಗಗಳ ಕಿಟ್‌ಗಳಿಂದ ಜನರು ತಾವೇ ಕಟ್ಟಿ ಹಾರಿಸಿದ ವಿಮಾನಗಳ ಸಂಖ್ಯೆ 11,000 ದಾಟಿದೆ. ಅವುಗಳಲ್ಲಿ ಹೆಚ್ಚಿನವು ಇಬ್ಬರು ಕೂರುವ ಪುಟ್ಟ ವಿಮಾನಗಳು. ಅವುಗಳಿಗೆ ಬಾಗಿಲೇ ಇಲ್ಲ, ತಲೆಯ ಮೇಲಿನ ಪಾರದರ್ಶಕ ಗುಮ್ಮಟವನ್ನು ಸರಿಸಿಯೋ ಎತ್ತಿಯೋ ಒಳಗಿಳಿಯುತ್ತಾರೆ. 2003ರಲ್ಲಿ ಮೊದಲು ಹಾರಿದ ನಾಲ್ಕು ಆಸನಗಳ ಆರ್‌ವಿ-10 ಮಾತ್ರ ಬೇರೆ ಬಗೆಯದು. ಅದರ ರೆಕ್ಕೆ, ಬಾಲ ಮತ್ತು ಒಡಲು ಅಲ್ಯೂಮಿನಿಯಂ ತಗಡಿನವು. ಕ್ಯಾಬಿನ್ನಿನ ಮೇಲ್ಛಾವಣಿ ಮತ್ತು ಮೇಲಕ್ಕೆ ತೆರೆದುಕೊಳ್ಳುವ ಎರಡು ಬಾಗಿಲುಗಳು ಫೈಬರ್‌ಗ್ಲಾಸಿನವು, ಅಂದರೆ ಗಾಜಿನ ನಾರನ್ನು ರಾಳದಲ್ಲಿ ಗಟ್ಟಿಗೊಳಿಸಿದ ಹಾಳೆಯವು. ಕಾರ್ಖಾನೆಯಲ್ಲೇ ತೂತು ಕೊರೆದು ಬಂದ ತಗಡುಗಳನ್ನು ಒಂದರ ಮೇಲೊಂದಿಟ್ಟು ರಿವೆಟ್ ಹೊಡೆಯುತ್ತ ಬಂದವರಿಗೆ ಕೈ ಪಳಗಿರುತ್ತದೆ, ಧೈರ್ಯವೂ ಬಂದಿರುತ್ತದೆ. ಆದರೆ ಬಾಗಿಲಿನ ಹಂತಕ್ಕೆ ಬಂದಾಗ ಹೊಂದಿಸಲು ತೂತುಗಳೇ ಇರುವುದಿಲ್ಲ. ಎಲ್ಲವನ್ನೂ ಕಣ್ಣಳತೆ, ಕತ್ತರಿಕೆ ಮತ್ತು ಉಜ್ಜಾಟದಿಂದಲೇ ಸಾಧಿಸಬೇಕಾಗುತ್ತದೆ. ಇಂಥ ವಿಮಾನಗಳ ಫೈಬರ್‌ಗ್ಲಾಸ್ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನ್ನ ಬಳಿಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಈ ಬಾಗಿಲಿಗೇ ಸಂಬಂಧಿಸಿರುತ್ತವೆ.

ಬಾಗಿಲಿನ ಮೇಲೆ ಬೀಳುವ ಬಲವನ್ನು ಮೊದಲು ತಿಳಿದುಕೊಳ್ಳಬೇಕು. ಸಮುದ್ರಮಟ್ಟದ ಗಾಳಿಯಲ್ಲಿ ಗಂಟೆಗೆ 300 ಕಿ.ಮೀ. ವೇಗದಲ್ಲಿ ಸಾಗುವಾಗ ಗಾಳಿಯ ಚಲನೆಯಿಂದ ಉಂಟಾಗುವ ಒತ್ತಡ ಚದರ ಮೀಟರಿಗೆ ಸುಮಾರು 430 ಕಿಲೋ ಭಾರಕ್ಕೆ ಸಮ. ಉಬ್ಬಿದ ಮೈಯ ಮೇಲೆ ಗಾಳಿ ಇನ್ನಷ್ಟು ವೇಗ ಪಡೆಯುವುದರಿಂದ ಅಲ್ಲಿ ಒತ್ತಡ ಕುಸಿದು, ಕ್ಯಾಬಿನ್ನಿನ ಒಳಗಿನ ಗಾಳಿಯು ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ಮೇಲಿನ ಲೆಕ್ಕದ ಹತ್ತನೇ ಒಂದು ಪಾಲು ಮಾತ್ರ ಹೊರಸೆಳೆತವಾಗಿ ಬಿದ್ದರೂ ಅದು ಚದರ ಮೀಟರಿಗೆ 40 ಕಿಲೋ ಮೀರುತ್ತದೆ. ಮೇಲಂಚಿನಲ್ಲಿ ಕೀಲುಗಳಿರುವ ಈ ಬಾಗಿಲನ್ನು ಕೆಳಗಡೆ ಹಿಡಿದಿಡುವುದು ಮೂಲ ವಿನ್ಯಾಸದಲ್ಲಿ ಮುಂದೊಂದು, ಹಿಂದೊಂದು ಅಗುಳಿ ಮಾತ್ರ. ಅವುಗಳಲ್ಲಿ ಒಂದು ತಪ್ಪಿದರೆ ಬಾಗಿಲು ಅರೆತೆರೆದು ನಿಲ್ಲುವುದಿಲ್ಲ. ಗಾಳಿ ಅದರಡಿ ನುಗ್ಗಿ ಮೇಲಕ್ಕೆ ಕಿತ್ತೊಯ್ಯುತ್ತದೆ. ಹಾರಾಟದ ನಡುವೆ ಹೀಗೆ ಬಾಗಿಲು ಕಳಚಿ ಹೋದ ಪ್ರಕರಣಗಳು ಆರ್‌ವಿ-10ರ ಚರಿತ್ರೆಯಲ್ಲಿವೆ. ಕಳಚಿದ ಬಾಗಿಲಿನ ಹಾದಿಯಲ್ಲೇ ಬಾಲದ ಅಡ್ಡರೆಕ್ಕೆ ಇರುತ್ತದೆ ಎಂಬುದು ಎಲ್ಲಕ್ಕಿಂತ ಆತಂಕದ ಸಂಗತಿ.

ಬಾಗಿಲು ಕಿಟ್‌ನಲ್ಲಿ ಒಳಚಿಪ್ಪು ಮತ್ತು ಹೊರಚಿಪ್ಪು ಎಂಬ ಎರಡು ತೆಳು ಹಾಳೆಗಳಾಗಿ ಬರುತ್ತದೆ. ಅವೆರಡನ್ನೂ ಎಪಾಕ್ಸಿಯಿಂದ (ಎರಡು ದ್ರವಗಳನ್ನು ಕಲಸಿದಾಗ ಗಟ್ಟಿಯಾಗುವ ಅಂಟು) ಅಂಟಿಸಿದಾಗ ನಡುವೆ ಟೊಳ್ಳಿರುವ ಗಟ್ಟಿ ಪೆಟ್ಟಿಗೆಯಾಗುತ್ತದೆ. ಅಂಟಿಸುವ ಮುನ್ನ ಪ್ರತಿಯೊಂದು ಚಿಪ್ಪೂ ಕೈಯಲ್ಲಿ ಹಿಡಿದರೆ ಬಳುಕುತ್ತದೆ. ಅಂಟು ಒಣಗಿದ ಮೇಲೆ ಆ ಗಳಿಗೆಯಲ್ಲಿ ಅದು ಯಾವ ಆಕಾರದಲ್ಲಿತ್ತೋ ಅದೇ ಆಕಾರ ಶಾಶ್ವತವಾಗುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲನ್ನು ಬಡಗಿ ಕೀಸುಳಿ ಹಾಕಿ ಹೆರೆದು ಸರಿಪಡಿಸುವ ಹಾಗೆ ಇದನ್ನು ಆಮೇಲೆ ಸರಿಪಡಿಸಲಾಗದು, ಏಕೆಂದರೆ ಇಲ್ಲಿ ಕೆಡುವುದು ಅಂಚಲ್ಲ, ಇಡೀ ಬಾಗಿಲಿನ ತಿರುಚು. ಆದ್ದರಿಂದ ಮೇಜಿನ ಮೇಲೆ ಸಮತಟ್ಟಾಗಿಟ್ಟು ಅಂಟಿಸುವ ಯೋಚನೆಯನ್ನು ಪೂರ್ತಿಯಾಗಿ ಬಿಡಬೇಕು. ಮೇಲ್ಛಾವಣಿಯನ್ನು ಒಡಲಿನ ಮೇಲೆ ಅದರ ಕೊನೆಯ ಸ್ಥಾನದಲ್ಲಿ ಭದ್ರವಾಗಿ ಕೂರಿಸಿ, ಚಿಪ್ಪುಗಳನ್ನು ಬಾಗಿಲಿನ ಕಂಡಿಯಲ್ಲೇ ಹೊಂದಿಸಿ, ಸುತ್ತಲೂ ಬಿಗಿದು, ಅಲ್ಲಿಯೇ ಅಂಟು ಒಣಗಲು ಬಿಡಬೇಕು. ಅಂಟು ಹಚ್ಚುವ ಮೊದಲು ಒಮ್ಮೆ ಒಣ ತಾಲೀಮು ನಡೆಸಿ, ಹಿಂಬದಿಯ ಕೆಳಮೂಲೆ ಒಡಲಿನ ಮೈಗೆ ಸಮವಾಗಿ ಕೂರುತ್ತದೆಯೇ ಎಂದು ನೇರ ಅಂಚಿನ ಪಟ್ಟಿಯಿಟ್ಟು ನೋಡುವುದು ನನ್ನ ಮಟ್ಟಿಗೆ ಬಾಗಿಲಿನ ಇಡೀ ಕೆಲಸದಲ್ಲೇ ಅತಿ ಮುಖ್ಯವಾದದ್ದು. ಹೊರಕ್ಕೆ ಸಿಡಿದು ನಿಲ್ಲುವ ಮೂಲೆ ಸಾಮಾನ್ಯವಾಗಿ ಅದೇ. ಅಲ್ಲಿ ಮೂರು ಮಿ.ಮೀ. ಎದ್ದಿದ್ದರೂ ಅದು ನೋಟದ ದೋಷವೆಂದು ಬಿಡುವಂತಿಲ್ಲ. ಅದರ ಪಕ್ಕದಲ್ಲೇ ಹಿಂದಿನ ಅಗುಳಿ ಇದೆ.

ಅಂಟಿನ ವಿಷಯದಲ್ಲಿ ಎರಡು ಬೆರಕೆಗಳನ್ನು ಅದಲುಬದಲು ಮಾಡಿಕೊಳ್ಳಬಾರದು. ಎಪಾಕ್ಸಿಗೆ ಹತ್ತಿಯ ಚೂರುನಾರು ಕಲಸಿದಾಗ ಸಿಗುವ, ಕಟ್ಟುವವರು ಫ್ಲಾಕ್ಸ್ ಎಂದು ಕರೆಯುವ ದಪ್ಪ ಲೇಪ ಬಲಕ್ಕೆ. ಚಿಪ್ಪುಗಳ ಜೋಡಣೆಗೆ ಅದನ್ನೇ ಬಳಸಬೇಕು. ಮೈಕ್ರೋಬಲೂನ್ ಎಂಬ ಸೂಕ್ಷ್ಮ ಗಾಜಿನ ಗುಳ್ಳೆಗಳ ಪುಡಿ ಕಲಸಿದ ಲೇಪ ತಗ್ಗುಗಳನ್ನು ತುಂಬಿ ಮೈ ನಯಗೊಳಿಸಲಿಕ್ಕಷ್ಟೇ. ಅದು ಸುಲಭವಾಗಿ ಉಜ್ಜಿ ಹೋಗುತ್ತದೆ ಎಂಬ ಕಾರಣಕ್ಕೇ ಅದರ ಮೇಲೆ ಭಾರ ಹೊರಿಸಬಾರದು. ಎರಡೂ ಚಿಪ್ಪುಗಳ ಅಂಟುವ ಮೈಯನ್ನು 80ನೇ ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಬೇಕು, ಏಕೆಂದರೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಮೇಣದ ಅಂಶ ಅಲ್ಲಿ ಉಳಿದಿದ್ದರೆ ಅಂಟು ಹಿಡಿದಂತೆ ಕಂಡರೂ ಹಿಡಿದಿರುವುದಿಲ್ಲ. ಒಂದೇ ಲೋಟದಲ್ಲಿ ಬಹಳ ಎಪಾಕ್ಸಿ ಕಲಸಿದರೆ ಅದು ತನ್ನ ಶಾಖಕ್ಕೆ ತಾನೇ ಬಿಸಿಯೇರಿ ಕೈಯಲ್ಲೇ ಗಟ್ಟಿಯಾಗುತ್ತದೆ. ಚಿಕ್ಕ ಚಿಕ್ಕ ಪಾಲು ಕಲಸಿ, ಜೊತೆಗೊಬ್ಬರನ್ನು ಇಟ್ಟುಕೊಂಡು ಕೆಲಸ ಮಾಡುವುದು ಒಳಿತು. ಕೈಗವಸು ಮತ್ತು ಧೂಳಿನ ಮಾಸ್ಕ್ ಇಲ್ಲದೆ ಇದನ್ನು ಮುಟ್ಟಲೇಬೇಡಿ. ಎಪಾಕ್ಸಿಗೆ ಚರ್ಮ ಒಮ್ಮೆ ಅಲರ್ಜಿ ಬೆಳೆಸಿಕೊಂಡರೆ ಅದು ಜೀವನಪರ್ಯಂತ ಉಳಿಯಬಹುದು.

ಅಂಚುಗಳನ್ನು ಕತ್ತರಿಸುವಾಗ ಗೆರೆಯ ಹೊರಗೇ ನಿಂತು, ಉಳಿದದ್ದನ್ನು ಉಜ್ಜಿ ತೆಗೆಯಬೇಕು. ಬಾಗಿಲಿಗೂ ಕಂಡಿಗೂ ನಡುವೆ ಸುತ್ತ ಸುಮಾರು ಎರಡು ಮಿ.ಮೀ. ಸಂದು ಬಿಡಲು ನಾನು ಹೇಳುತ್ತೇನೆ. ಬಣ್ಣ ಎರಡೂ ಅಂಚುಗಳಿಗೆ ದಪ್ಪ ಕೂಡಿಸುತ್ತದೆ, ಬಿಸಿಲಿನಲ್ಲಿ ಬಾಗಿಲು ಸ್ವಲ್ಪ ಹಿಗ್ಗುತ್ತದೆ. ಕಿಟಕಿಯ ಅಕ್ರಿಲಿಕ್ ಹಾಳೆಯ ಹಿಗ್ಗುವಿಕೆ ಇನ್ನೂ ಹೆಚ್ಚು. ಅರವತ್ತು ಸೆಂ.ಮೀ. ಉದ್ದದ ಹಾಳೆ 40 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಉದ್ದ ಬದಲಿಸುತ್ತದೆ, ಫೈಬರ್‌ಗ್ಲಾಸ್ ಅದರ ಸಣ್ಣ ಪಾಲಿನಷ್ಟು ಮಾತ್ರ. ಕಿಟಕಿಯ ಸುತ್ತಲಿನ ಬಣ್ಣದಲ್ಲಿ ಕೂದಲೆಳೆಯ ಬಿರುಕುಗಳು ಮೂಡುವುದಕ್ಕೆ ಇದೊಂದು ಕಾರಣ.

ಈಗ ಅಗುಳಿಗಳು. ಹಿಡಿಯನ್ನು ತಿರುಗಿಸಿದಾಗ ಬಾಗಿಲಿನೊಳಗಿನ ಹಲ್ಲಿನ ಚಕ್ರವು ಎರಡು ಹಲ್ಲುಪಟ್ಟಿಗಳನ್ನು ಎದುರು ಬದುರು ದಿಕ್ಕಿಗೆ ದೂಡುತ್ತದೆ. ಒಂದು ಅಗುಳಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಕಂಡಿಯ ಚೌಕಟ್ಟಿನ ಗೂಡುಗಳಿಗೆ ಇಳಿಯುತ್ತವೆ. ಅಪಾಯ ಇರುವುದು ಇಲ್ಲಿಯೇ. ಹಿಂದಿನ ಮೂಲೆ ಹೊರಕ್ಕೆ ಸಿಡಿದಿದ್ದರೆ ಅಗುಳಿಯು ಗೂಡಿನೊಳಗೆ ಹೋಗದೆ, ಅದರ ಪಕ್ಕದಲ್ಲಿ ಹೊರಗಡೆಗೆ ಚಾಚಿಕೊಳ್ಳಬಹುದು. ಆಗಲೂ ಹಿಡಿ ಪೂರ್ತಿ ತಿರುಗುತ್ತದೆ, ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ, ಮುಂದಿನ ಅಗುಳಿ ಕೂತಿರುವುದರಿಂದ ಬಾಗಿಲು ಮುಚ್ಚಿದಂತೆಯೇ ಕಾಣುತ್ತದೆ. ಹಿಂದಿನ ಅಗುಳಿಯಾದರೋ ಮುಂದಿನ ಆಸನದಲ್ಲಿ ಕೂತವರ ಬೆನ್ನ ಹಿಂದಿದೆ. ಹಿಡಿಯ ಸ್ಥಾನವನ್ನು ನೋಡಿ ಬಾಗಿಲು ಭದ್ರ ಎಂದು ತೀರ್ಮಾನಿಸುವುದನ್ನು ನಾನು ಒಪ್ಪದಿರುವುದು ಇದಕ್ಕಾಗಿ. ಅಗುಳಿಯ ತುದಿಯನ್ನು ಸ್ವಲ್ಪ ಮೊನಚಾಗಿಸಿ, ಗೂಡಿನ ಬಾಯಿಯನ್ನು ಕೊಂಚ ಅಗಲಿಸಿದರೆ ಅದು ಬಾಗಿಲನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆದರೆ ಕೆಟ್ಟ ಹೊಂದಾಣಿಕೆಯನ್ನು ಮುಚ್ಚಲು ಗೂಡನ್ನೇ ದೊಡ್ಡದು ಮಾಡಿದರೆ ಸಡಿಲ ಬಂದು, ಅಲುಗಾಟದಲ್ಲಿ ಅದು ಇನ್ನಷ್ಟು ಸವೆಯುತ್ತದೆ.

ಬಾಗಿಲು ಭದ್ರವಾಗಿಲ್ಲವೆಂದು ತಿಳಿಸುವ ಎಚ್ಚರಿಕೆಯ ದೀಪಕ್ಕೆ ಸಂವೇದಕ ಜೋಡಿಸುವಾಗಲೂ ಇದೇ ತತ್ವ. ಹಿಡಿ ತಿರುಗಿದ್ದನ್ನೋ ಅಗುಳಿ ಚಾಚಿದ್ದನ್ನೋ ಅಳೆಯುವ ದೀಪ ಸುಳ್ಳು ಧೈರ್ಯ ಕೊಡುತ್ತದೆ. ಅಗುಳಿಯ ತುದಿ ಗೂಡಿನ ಒಳತುದಿ ತಲುಪಿದಾಗ ಮಾತ್ರ ಆರುವಂತೆ, ನಾಲ್ಕೂ ಅಗುಳಿಗಳಿಗೆ ಬೇರೆಬೇರೆಯಾಗಿ ಅದನ್ನು ಅಳವಡಿಸಬೇಕು. ಪರೀಕ್ಷಿಸುವುದು ಕಷ್ಟವೇನಲ್ಲ: ಒಬ್ಬರು ಹಿಂದಿನ ಮೂಲೆಯನ್ನು ಹೊರಕ್ಕೆ ಎಳೆದು ಹಿಡಿದಿರಲಿ, ಇನ್ನೊಬ್ಬರು ಹಿಡಿ ತಿರುಗಿಸಲಿ, ಆಗಲೂ ದೀಪ ಆರಿದರೆ ಆ ವ್ಯವಸ್ಥೆ ಪ್ರಯೋಜನಕ್ಕಿಲ್ಲ. ಬಾಗಿಲು ಕಳಚಿದ ಪ್ರಕರಣಗಳ ನಂತರ ಕಂಪನಿಯು ಎರಡನೇ ಸುರಕ್ಷಾ ಚಿಲಕವೊಂದನ್ನು ಸೇವಾ ಸೂಚನೆಯ ಮೂಲಕ ಕೊಟ್ಟಿತು. ಅಗುಳಿಗಳು ತಪ್ಪಿದರೂ ಬಾಗಿಲನ್ನು ಹಿಡಿದುಕೊಳ್ಳುವ ಆ ಚಿಲಕವನ್ನು ಯಾವ ಕಾರಣಕ್ಕೂ ಕೈಬಿಡಬಾರದು. ತೂಕ ಉಳಿಸುವ ಮಾತು ಇಲ್ಲಿ ಸಲ್ಲದು.

ರಬ್ಬರ್ ಸೀಲನ್ನು ಕೊನೆಗೆ ಆರಿಸಬೇಕು, ಅದೂ ಮೆದುವಾದದ್ದನ್ನು. ಮಳೆ, ಚಳಿ ಮತ್ತು ಗಾಳಿಯ ಸದ್ದನ್ನು ತಡೆಯಬೇಕೆಂದು ದಪ್ಪನೆಯ ಗಟ್ಟಿ ಸೀಲ್ ಹಾಕಿದವರ ಬಾಗಿಲನ್ನು ಅದೇ ಸೀಲು ಹಗಲಿರುಳು ಹೊರಕ್ಕೆ ತಳ್ಳುತ್ತಿರುತ್ತದೆ; ಅಂಟಿಸುವಾಗ ಅಷ್ಟು ಜತನದಿಂದ ಕಾಪಾಡಿದ ಹಿಂದಿನ ಮೂಲೆ ಮತ್ತೆ ಎದ್ದು ನಿಲ್ಲುತ್ತದೆ. ಆದ್ದರಿಂದ ಸೀಲ್ ಕೂರಿಸಿದ ಮೇಲೆ ಅಗುಳಿಗಳ ಹೊಂದಾಣಿಕೆಯನ್ನು, ದೀಪದ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.

ಅಮೆರಿಕದ ನಿಯಮದಂತೆ ಇಂಥ ವಿಮಾನದ ಪ್ರವೇಶದ ಬಳಿ ‘ಎಕ್ಸ್‌ಪೆರಿಮೆಂಟಲ್’ (ಪ್ರಾಯೋಗಿಕ) ಎಂದು ಕನಿಷ್ಠ ಎರಡು ಇಂಚಿನ ಅಕ್ಷರಗಳಲ್ಲಿ ಬರೆದಿರಬೇಕು, ಮತ್ತು ಹನ್ನೆರಡು ತಿಂಗಳಿಗೊಮ್ಮೆ ಇಡೀ ವಿಮಾನದ ಸ್ಥಿತಿ ಪರಿಶೀಲನೆ ನಡೆಯಬೇಕು. ಮುಖ್ಯ ಭಾಗವನ್ನು ತಾನೇ ಕಟ್ಟಿದವರು ತಮ್ಮ ವಿಮಾನದ ಮಟ್ಟಿಗೆ ರಿಪೇರ್‌ಮನ್ ಪ್ರಮಾಣಪತ್ರ ಪಡೆದು ಈ ಪರಿಶೀಲನೆಯನ್ನು ಸ್ವತಃ ಮಾಡಬಹುದು. ಆ ದಿನ ಬಾಗಿಲಿಗೂ ಸಮಯ ಮೀಸಲಿಡಿ. ಹಲ್ಲುಪಟ್ಟಿ ಮತ್ತು ಚಕ್ರದ ನಡುವಿನ ಸಡಿಲ, ಗೂಡಿನ ಬಾಯಿಯ ಸವೆತ, ಕೀಲುಗಳ ಬೋಲ್ಟು ಹಿಡಿದಿರುವ ಫೈಬರ್‌ಗ್ಲಾಸಿನಲ್ಲಿ ಬಿರುಕು, ತೆರೆದ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಕೂತ ಜಾಗದ ಅಂಟು, ಇವನ್ನು ಬೆಳಕು ಹಿಡಿದು ನೋಡಿ. ಮುಚ್ಚಿದ ಸ್ಥಿತಿಯಲ್ಲಿ ಪ್ರತಿ ಅಗುಳಿ ಗೂಡಿನೊಳಗೆ ಎಷ್ಟು ಮಿ.ಮೀ. ಇಳಿದಿದೆ ಎಂದು ಅಳೆದು, ದಿನಾಂಕದೊಂದಿಗೆ ಲಾಗ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷದ ಅಳತೆ ಕಡಿಮೆ ಬಂದರೆ ಕಾರಣ ತಿಳಿಯುವವರೆಗೆ ಹಾರಬೇಡಿ.