ಹುಳು ಬದುಕಿರಲಿ, ವಂಶ ಬೆಳೆಯದಿರಲಿ

2025ರ ಮೇ ತಿಂಗಳಲ್ಲಿ ಮುಂಬೈಯಿಂದ ವಿಮಾನದಲ್ಲಿ ಹೋದ 15 ಮಾವಿನ ರವಾನೆಗಳನ್ನು ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಅಟ್ಲಾಂಟಾ ನಿಲ್ದಾಣಗಳಲ್ಲಿ ಅಮೆರಿಕದ ಅಧಿಕಾರಿಗಳು ತಡೆದರು. ಹಿಂದಕ್ಕೆ ತರಿಸಿಕೊಳ್ಳುವ ಖರ್ಚು ತೀರ ದುಬಾರಿಯಾದ್ದರಿಂದ ಹಣ್ಣನ್ನು ಅಲ್ಲಿಯೇ ನಾಶಪಡಿಸಬೇಕಾಯಿತು. ಹಾಗಾದರೆ ಅದರಲ್ಲಿ ಹುಳು ಸಿಕ್ಕಿತ್ತೇ? ಇಲ್ಲ. ಆಕ್ಷೇಪವಿದ್ದದ್ದು ಒಂದು ಕಾಗದದ ಬಗ್ಗೆ. ಹಣ್ಣಿಗೆ ವಿಕಿರಣ ಸಂಸ್ಕರಣೆ, ಅಂದರೆ ಕೀಟದ ಭಯ ಕಳೆಯಲು ಕಿರಣ ಹಾಯಿಸುವ ಕೆಲಸ, ಆಗಿದೆ ಎಂದು ಸಾರುವ ಪಿಪಿಕ್ಯು 203 ಎಂಬ ನಮೂನೆ ಸರಿಯಿಲ್ಲ ಎಂದು ಅವರು ಹೇಳಿದರು.

ಹುಳುವಿಲ್ಲದ ಹಣ್ಣನ್ನು ಕಾಗದದ ನೆಪದಲ್ಲಿ ಎಸೆಸಿದರೆಂದು ಅನೇಕರು ಸಿಟ್ಟಾದರು. ತಪ್ಪು ಯಾರದೆಂಬುದರ ಬಗ್ಗೆ ರಫ್ತುದಾರರ ಮಾತೇ ಬೇರೆ, ಅಧಿಕಾರಿಗಳ ಮಾತೇ ಬೇರೆ. ಆ ಜಗಳಕ್ಕೆ ನಾನು ಕೈಹಾಕುವುದಿಲ್ಲ. ಆದರೆ ‘ನಾಲ್ಕು ಹಣ್ಣು ಕೊಯ್ದು ನೋಡಿದ್ದರೆ ಸಾಕಿತ್ತಲ್ಲ’ ಎಂಬ ವಾದವನ್ನು ಕೇಳಿದಾಗ ಮಾತ್ರ ಸುಮ್ಮನಿರಲಾಗುವುದಿಲ್ಲ. ಈ ಸಂಸ್ಕರಣೆ ಸರಿಯಾಗಿ ನಡೆದಿದೆಯೇ ಎಂಬುದು ಹಣ್ಣು ಕೊಯ್ದರೆ ತಿಳಿಯುವುದಿಲ್ಲ. ಒಳಗೆ ಹುಳು ಜೀವಂತವಾಗಿ ಮಿಸುಕಾಡುತ್ತಿದ್ದರೂ ಆ ಹಣ್ಣಿನಿಂದ ಅಪಾಯವಿಲ್ಲದಿರಬಹುದು. ಈ ವಿಚಿತ್ರವನ್ನು ಅರಿತವರಿಗೆ ಕಾಗದದ ಬೆಲೆಯೂ ಅರಿವಾಗುತ್ತದೆ.

ಮೊದಲು ಹುಳುವಿನ ಮಾತು. ‘ಮಳೆ ಬಿದ್ದ ಮೇಲೆ ಮಾವು ತಿನ್ನಬೇಡಿ, ಹುಳು ಹುಟ್ಟಿಕೊಳ್ಳುತ್ತದೆ’ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುತ್ತಾರೆ. ಎಚ್ಚರಿಕೆ ಸರಿ, ಕಾರಣ ತಪ್ಪು. ಮಳೆ ಹುಳುವನ್ನು ಹುಟ್ಟಿಸುವುದಿಲ್ಲ. ಹಣ್ಣಿನ ನೊಣ, ಅಂದರೆ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್, ಬಲಿತ ಕಾಯಿಯ ಸಿಪ್ಪೆಯನ್ನು ಸೂಜಿಯಂಥ ಅಂಗದಿಂದ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಮರಿಹುಳು ತಿರುಳನ್ನು ತಿಂದು ಬೆಳೆದು, ನೆಲಕ್ಕೆ ಬಿದ್ದು ಮಣ್ಣಿನೊಳಗೆ ಕೋಶವಾಗುತ್ತದೆ. ಮುಂಗಾರಿಗೆ ಮುಂಚಿನ ಮಳೆಗೆ ಮಣ್ಣು ನೆನೆದಾಗ ಹೊಸ ನೊಣಗಳು ಮೇಲೇಳುತ್ತವೆ, ಮರದಲ್ಲಿ ಹಣ್ಣು ಮಾಗುವುದೂ ಅದೇ ಹೊತ್ತಿಗೆ. ಮಳೆಗೂ ಹುಳುವಿಗೂ ಇರುವ ನಂಟು ಇಷ್ಟೇ.

ನಮ್ಮ ಹಿರಿಯರನ್ನು ದೂರುವ ಮುನ್ನ ಇಟಲಿಯ ಫ್ರಾನ್ಸೆಸ್ಕೊ ರೆಡಿಯನ್ನು ನೆನೆಯಬೇಕು. ಕೊಳೆತ ಮಾಂಸದಲ್ಲಿ ಹುಳು ತಾನಾಗಿ ಹುಟ್ಟುವುದಿಲ್ಲ, ನೊಣ ಮೊಟ್ಟೆಯಿಟ್ಟರೆ ಮಾತ್ರ ಹುಟ್ಟುತ್ತದೆ ಎಂದು 1668ರಲ್ಲಿ ಪಾತ್ರೆಗಳ ಬಾಯಿಗೆ ತೆಳು ಬಟ್ಟೆ ಕಟ್ಟಿ ತೋರಿಸಿಕೊಟ್ಟವನು ಆತ. ಅಂಥ ರೆಡಿಯೂ ಹಣ್ಣಿನ ಹುಳುವಿನ ಮುಂದೆ ಸೋತ. ಮುಚ್ಚಿದ ಹಣ್ಣಿನೊಳಗೆ ಹುಳು ಬರುವ ದಾರಿಯೇ ಕಾಣದೆ, ಗಿಡದ ಜೀವಶಕ್ತಿಯೇ ಅದನ್ನು ಹುಟ್ಟಿಸುತ್ತದೆಂದು ನಂಬಿಬಿಟ್ಟ.

ರೆಡಿಯನ್ನು ಮರುಳು ಮಾಡುವುದಕ್ಕೆ ಮಾವಿನ ಓಟೆ ಕೊರಕಕ್ಕಿಂತ ಒಳ್ಳೆಯ ಕೀಟ ಸಿಗಲಾರದು. ಈ ಮೂತಿಹುಳು ಎಳೆಗಾಯಿಯ ಸಿಪ್ಪೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿ ತಿರುಳನ್ನು ಕೊರೆದು ನೇರವಾಗಿ ಓಟೆಯೊಳಕ್ಕೆ ಹೋಗುತ್ತದೆ. ಕಾಯಿ ಬೆಳೆದಂತೆ ದಾರಿ ಮುಚ್ಚಿಹೋಗುತ್ತದೆ, ಓಟೆ ಗಟ್ಟಿಯಾಗುತ್ತದೆ, ಹುಳು ಒಳಗೇ ದುಂಬಿಯಾಗಿ ಕುಳಿತಿರುತ್ತದೆ. ಹೊರಗಿನಿಂದ ನೋಡಿದರೆ ಹಣ್ಣು ಅಂದವಾಗಿಯೇ ಇರುತ್ತದೆ, ರುಚಿಯೂ ಕೆಟ್ಟಿರುವುದಿಲ್ಲ. ತಿಂದು ಓಟೆಯನ್ನು ಹಿತ್ತಲಿಗೆ ಎಸೆಯುತ್ತೇವೆ. ದುಂಬಿ ಹೊರಬರುತ್ತದೆ. ಆ ಹಿತ್ತಲು ಫ್ಲಾರಿಡಾದ ಮಾವಿನ ತೋಪಿನ ಪಕ್ಕದಲ್ಲಿದ್ದರೆ ಏನಾಗಬಹುದು ಎಂಬುದೇ ಅಮೆರಿಕದವರ ಭಯ.

ನೊಣವನ್ನಾದರೆ ಶಾಖದಿಂದ ಕೊಲ್ಲಬಹುದು. 2006ರಲ್ಲಿ ಜಪಾನ್ ನಮ್ಮ ಮಾವಿಗೆ ಮತ್ತೆ ಬಾಗಿಲು ತೆರೆದದ್ದು ಬಿಸಿ ಆವಿಯ ಸಂಸ್ಕರಣೆಯನ್ನು ನಂಬಿ. 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ನಮ್ಮ ಮಾವನ್ನು ನಿಷೇಧಿಸಿತು. ಹಿಂದಿನ ವರ್ಷ ಭಾರತದಿಂದ ಬಂದ ಹಣ್ಣು ತರಕಾರಿಗಳ 207 ರವಾನೆಗಳಲ್ಲಿ ಕೀಟ ಕಂಡದ್ದು ಅದಕ್ಕೆ ಕಾರಣ. ಆ ನಿಷೇಧ ತೆರವಾದ ಮೇಲೆ, ಅಲ್ಲಿಗೆ ಹೋಗುವ ಹಣ್ಣನ್ನು ಈಗ 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಅದ್ದಿಡುವ ಕ್ರಮವಿದೆ. ಆದರೆ ಓಟೆಯೊಳಗಿನ ದುಂಬಿಗೆ ಈ ಶಾಖ ಸಾಲದು. ಅದನ್ನು ಕೊಲ್ಲುವಷ್ಟು ಕಾಯಿಸಿದರೆ ಮಾವು ಮಾವಾಗಿ ಉಳಿಯುವುದಿಲ್ಲ. ಓಟೆಯನ್ನು ತೂರಿಹೋಗಿಯೂ ತಿರುಳನ್ನು ಬೇಯಿಸದ ಉಪಾಯವೊಂದು ಬೇಕಿತ್ತು.

ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ ಹೊಮ್ಮಿಸುವ ಗಾಮಾ ಕಿರಣಗಳು ಒದಗಿ ಬಂದದ್ದು ಇಲ್ಲಿ. 2007ರ ಏಪ್ರಿಲ್‌ನಲ್ಲಿ, 18 ವರ್ಷಗಳ ನಿಷೇಧದ ನಂತರ, ಅಮೆರಿಕಕ್ಕೆ ಹೋದ ಮೊದಲ ಮಾವು ನಾಸಿಕ ಜಿಲ್ಲೆಯ ಲಾಸಲ್‌ಗಾಂವ್‌ನ ಘಟಕದಲ್ಲಿ ಈ ಕಿರಣಗಳಿಗೆ ಮೈಯೊಡ್ಡಿತ್ತು. ನಿಗದಿಯಾದ ಕನಿಷ್ಠ ಪ್ರಮಾಣ 400 ಗ್ರೇ. ದೇಹಕ್ಕೆಲ್ಲ 5 ಗ್ರೇ ತಗುಲಿದರೆ ಮನುಷ್ಯನ ಪ್ರಾಣಕ್ಕೇ ಸಂಚಕಾರ, ಆದ್ದರಿಂದ 400 ಎಂದೊಡನೆ ಹುಳು ಸುಟ್ಟು ಕರಕಲಾಗಿರಬೇಕೆಂದು ತೋರುತ್ತದೆ. ಆದರೆ ಒಂದು ಗ್ರೇ ಎಂದರೆ ಕಿಲೋಗ್ರಾಂಗೆ ಒಂದು ಜೂಲ್ ಶಕ್ತಿ ಮಾತ್ರ. 400 ಗ್ರೇಯಿಂದ ಹಣ್ಣಿನ ಬಿಸಿ ಏರುವುದು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು. ಅಂಗೈಯಲ್ಲಿ ಹಿಡಿದರೂ ಮಾವು ಅದಕ್ಕಿಂತ ಹೆಚ್ಚು ಬೆಚ್ಚಗಾಗುತ್ತದೆ.

ಹಾಗಾದರೆ ಆ ಕಿರಣ ಮಾಡುವುದೇನು? ಡಿಎನ್‌ಎಯ ಎಳೆಗಳನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಮಗ್ಗದ ಮೇಲಿರುವ ಸೀರೆಯನ್ನು ನೆನೆಯಿರಿ. ಹಾಸಿನ ಎಳೆಗಳು ಹರಿದರೆ ನೇಯ್ಗೆ ಅಲ್ಲಿಗೇ ನಿಲ್ಲುತ್ತದೆ. ಅದೇ ನೇಯ್ದು ಮುಗಿದು ಪೆಟ್ಟಿಗೆ ಸೇರಿದ ಸೀರೆಯಲ್ಲಿ ನಾಲ್ಕು ಎಳೆ ಹರಿದರೆ ಉಟ್ಟವರಿಗೆ ಗೊತ್ತೂ ಆಗುವುದಿಲ್ಲ. ಮಾವಿನ ಹಣ್ಣು ನೇಯ್ದು ಮುಗಿದ ಸೀರೆ. ಅದರ ಜೀವಕೋಶಗಳು ಒಡೆದು ಎರಡಾಗುವ ಕೆಲಸವನ್ನು ಎಳೆಗಾಯಿಯಾಗಿದ್ದಾಗಲೇ ಮುಗಿಸಿವೆ, ಆಮೇಲೆ ಹಿಗ್ಗುವುದು ಮತ್ತು ಮಾಗುವುದಷ್ಟೇ. ಹುಳುವಿನ ಮೊಟ್ಟೆ, ಮರಿ, ದುಂಬಿಯ ಅಂಡಾಶಯ ಇವೆಲ್ಲ ಮಗ್ಗದ ಮೇಲಿರುವ ಸೀರೆಗಳು. ಒಡೆದು ಎರಡಾಗುತ್ತಲೇ ಇರುವ ಜೀವಕೋಶಕ್ಕೆ ಪೆಟ್ಟು ಜೋರು ಎಂಬ ಸೂತ್ರವನ್ನು ಬೆರ್ಗೊನಿಯೆ ಮತ್ತು ಟ್ರಿಬೊಂಡೊ ಎಂಬ ಫ್ರೆಂಚ್ ವಿಜ್ಞಾನಿಗಳು 1906ರಲ್ಲೇ ಹೇಳಿದ್ದರು.

ಮಗ್ಗ ಕಾಣದವರಿಗೆ ಅಡುಗೆಮನೆಯ ಹೋಲಿಕೆ ಕೊಡುತ್ತೇನೆ. ಕುಚ್ಚಲಕ್ಕಿಗಾಗಿ ಬೇಯಿಸಿದ ಭತ್ತ ಮೇಲ್ನೋಟಕ್ಕೆ ಭತ್ತವೇ. ಅನ್ನಕ್ಕೆ ಬರುತ್ತದೆ, ಬಿತ್ತನೆಗೆ ಬರುವುದಿಲ್ಲ. ಅದೂ ಬೇಡವೆಂದರೆ ಈರುಳ್ಳಿಯನ್ನೇ ತೆಗೆದುಕೊಳ್ಳಿ. ಲಾಸಲ್‌ಗಾಂವ್ ಈರುಳ್ಳಿಯ ದೊಡ್ಡ ಮಾರುಕಟ್ಟೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ಅಲ್ಲಿ ಆ ಘಟಕವನ್ನು ಕಟ್ಟಿದ್ದೇ ಈರುಳ್ಳಿ ಮೊಳಕೆಯೊಡೆಯದಂತೆ ತಡೆಯಲು. ಅಲ್ಪ ಪ್ರಮಾಣದ ಕಿರಣ ಬಿದ್ದರೆ ಮೊಳಕೆಯ ಜಾಗದ ಜೀವಕೋಶಗಳು ಸೋಲುತ್ತವೆ, ಗಡ್ಡೆ ಗಟ್ಟಿಯಾಗಿಯೇ ಇರುತ್ತದೆ. ಮಾವಿನಲ್ಲಿ ಹುಳುವೇ ಆ ಮೊಳಕೆ. ಮರಿಹುಳು ಮಿಸುಕಾಡಬಹುದು, ಒಂದಿಷ್ಟು ತಿನ್ನಲೂಬಹುದು, ಆದರೆ ಮೊಟ್ಟೆಯಿಡಬಲ್ಲ ನೊಣವಾಗಿ ಹಾರುವುದಿಲ್ಲ. ಓಟೆಯೊಳಗಿನ ದುಂಬಿ ನಡೆದಾಡಬಹುದು, ಜೊತೆಗಾರನೂ ಸಿಗಬಹುದು, ಸಂತಾನ ಮಾತ್ರ ಆಗುವುದಿಲ್ಲ.

ಬರಡು ಮಾಡಿದರೆ ಸಾಕು, ಕೊಲ್ಲಬೇಕಿಲ್ಲ. ಸಸ್ಯರಕ್ಷಣೆಯಲ್ಲಿ ನನಗೆ ಇದಕ್ಕಿಂತ ಸುಂದರವಾದ ವಿಚಾರ ಕಂಡಿಲ್ಲ. ಇದರ ಹಿಂದೆ ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್‌ಲ್ಯಾಂಡ್ ಎಂಬ ಇಬ್ಬರು ಕೀಟವಿಜ್ಞಾನಿಗಳ ಹಟವಿದೆ. ದನಗಳ ಗಾಯದಲ್ಲಿ ಮೊಟ್ಟೆಯಿಟ್ಟು ಜೀವಂತ ಮಾಂಸವನ್ನೇ ತಿನ್ನಿಸುವ ನೊಣವೊಂದನ್ನು ಲಕ್ಷಗಟ್ಟಲೆ ಸಾಕಿ, ವಿಕಿರಣದಿಂದ ಬರಡು ಮಾಡಿ, 1954ರಲ್ಲಿ ಕುರಸಾವ್ ದ್ವೀಪದ ಮೇಲೆ ವಿಮಾನದಿಂದ ಬಿಡಿಸಿದರು. ಬರಡು ಗಂಡುಗಳ ಜೊತೆ ಕೂಡಿದ ಹೆಣ್ಣುಗಳ ಮೊಟ್ಟೆ ಒಡೆಯಲಿಲ್ಲ. ಕೆಲವೇ ತಿಂಗಳಲ್ಲಿ ದ್ವೀಪದಲ್ಲಿ ಆ ನೊಣ ನಿರ್ವಂಶವಾಯಿತು.

ವಿಕಿರಣ ಎಂಬ ಪದ ಕೇಳಿಯೇ ಹಣ್ಣನ್ನು ದೂರ ತಳ್ಳುವವರಿಗೆ ಒಂದು ಮಾತು. ದೀಪದ ಬೆಳಕು ಬಿದ್ದ ಗೋಡೆ ದೀಪವಾಗುವುದಿಲ್ಲ. ಕೋಬಾಲ್ಟ್ ಹಣ್ಣನ್ನು ಮುಟ್ಟುವುದೇ ಇಲ್ಲ, ಮುಟ್ಟುವುದು ಅದರ ಕಿರಣ. ಪರಮಾಣುವಿನ ಬೀಜವನ್ನು ಕದಲಿಸಿ ಹಣ್ಣನ್ನು ವಿಕಿರಣಶೀಲ ಮಾಡುವಷ್ಟು ಶಕ್ತಿ ಆ ಕಿರಣಕ್ಕಿಲ್ಲ. ಇದನ್ನು ಎಷ್ಟು ಸಲ ಬರೆದರೂ ‘ಅಣು ಮಾವು’ ಎಂಬ ಹೆದರಿಕೆ ಹೋಗುತ್ತಿಲ್ಲ ಎಂಬುದು ನನ್ನ ಬೇಸರ. ಈ ಕಿರಣಗಳು ಬರುವ ಮೊದಲು ಹಣ್ಣಿಗೆ ಹೊಗೆ ಹಾಕುತ್ತಿದ್ದ ಇಥಿಲೀನ್ ಡೈಬ್ರೋಮೈಡ್ ಕ್ಯಾನ್ಸರ್ ತರಬಲ್ಲದೆಂಬ ಕಾರಣಕ್ಕೆ 1980ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಯಿಂದ ಹೊರಬಿತ್ತು. ಅದಕ್ಕೆ ಹೆದರಿದ್ದರೆ ಅರ್ಥವಿತ್ತು.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ ಎಂದು ಕೇಳುವವರು ಆಫ್ರಿಕಾವನ್ನು ನೋಡಬೇಕು. ನಮ್ಮ ಇದೇ ಹಣ್ಣಿನ ನೊಣ 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡಿತು. ಹೊಸ ಪ್ರಭೇದವೆಂದು ಭಾವಿಸಿ ಮೊದಲು ಅದಕ್ಕೆ ಬೇರೆ ಹೆಸರನ್ನೂ ಇಟ್ಟರು, ಹಳೆಯ ಡಾರ್ಸಾಲಿಸ್ ಇದೇ ಎಂದು ತೀರ್ಮಾನವಾದದ್ದು ಹತ್ತು ವರ್ಷಗಳ ನಂತರ. ಅಷ್ಟರಲ್ಲಿ ಸಹಾರಾದ ದಕ್ಷಿಣದ ಹೆಚ್ಚಿನ ದೇಶಗಳಿಗೆ ಅದು ಹಬ್ಬಿಯಾಗಿತ್ತು. ನಮ್ಮ ಮನೆಗೂ ಹೀಗೆಯೇ ಅತಿಥಿ ಬಂದದ್ದುಂಟು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿಯ ಹಿಟ್ಟು ತಿಗಣೆ ಮಧ್ಯ ಅಮೆರಿಕದ ಕಡೆಯದು. ಪಪ್ಪಾಯಿ, ಮರಗೆಣಸು ಮಾತ್ರವಲ್ಲ, ನಮ್ಮ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆಗೂ ಅದು ಮುತ್ತಿತು. 2010ರಲ್ಲಿ ಅದರ ತವರಿನ ಶತ್ರುವಾದ ಪುಟ್ಟ ಕಣಜವನ್ನು ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನ ಕೀಟವಿಜ್ಞಾನಿಗಳು ಸಾಕಿ ಬಿಟ್ಟ ಮೇಲೆ ಹತೋಟಿಗೆ ಬಂತು. ಕಣಜ ಸಿಗದಿದ್ದರೆ ಎಷ್ಟು ವರ್ಷ ಔಷಧ ಸಿಂಪಡಿಸಬೇಕಿತ್ತೋ!

ಹಾಗಾಗಿ ಅಮೆರಿಕದಲ್ಲಿರುವ ಮಗನಿಗೆಂದು ಸೀರೆಗಳ ನಡುವೆ ನಾಲ್ಕು ಬಾದಾಮಿ ಮಾವು ಅಡಗಿಸಿಕೊಂಡು ಹೊರಡುವ ತಾಯಂದಿರ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೂ ಬೇಡವೆನ್ನುತ್ತೇನೆ. ಅಲ್ಲಿನ ನಿಲ್ದಾಣಗಳಲ್ಲಿ ಹಣ್ಣಿನ ವಾಸನೆ ಹಿಡಿಯುವ ಬೀಗಲ್ ನಾಯಿಗಳಿವೆ. ನಾಯಿ ತಪ್ಪಿದರೂ ಓಟೆ ಯಾವುದೋ ಹಿತ್ತಲಿಗೆ ಬೀಳುತ್ತದೆ.

ಈಗ ಮತ್ತೆ ಆ ಕಾಗದಕ್ಕೆ ಬರೋಣ. ಬಿಸಿನೀರಿನಲ್ಲಿ ಅದ್ದಿದ ಹಣ್ಣಿನಲ್ಲಿ ಜೀವಂತ ಹುಳು ಸಿಕ್ಕರೆ ಸಂಸ್ಕರಣೆ ಕೆಟ್ಟಿದೆ ಎಂದರ್ಥ. ಕಿರಣ ಹಾಯಿಸಿದ ಹಣ್ಣಿನಲ್ಲಿ ಹಾಗೆ ಹೇಳಲಾಗದು. ಬರಡು ದುಂಬಿಗೂ ಫಲವತ್ತಾದ ದುಂಬಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಅದಕ್ಕೇ ಅಮೆರಿಕದ ಕೃಷಿ ಇಲಾಖೆಯ ತನಿಖಾಧಿಕಾರಿಗಳು ಹಣ್ಣು ತಮ್ಮ ನೆಲಕ್ಕೆ ಬಂದಾಗ ನೋಡುವ ಬದಲು ಇಲ್ಲಿಗೇ ಬಂದು ಸಂಸ್ಕರಣೆಯ ಮೇಲೆ ಕಣ್ಣಿಡುವ ಕ್ರಮ ಬಂದದ್ದು. ಕೋವಿಡ್ ಕಾಲದಲ್ಲಿ ಅವರು ಬರಲಾಗದೆ ಎರಡು ಹಂಗಾಮು ನಮ್ಮ ಮಾವು ಅಮೆರಿಕಕ್ಕೆ ಹೋಗಲಿಲ್ಲ.

ಇಂಥ ಘಟಕ ಈಗ ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲಿಯೂ ಇದೆ, ಮಾವಿನ ಸೀಮೆಯಾದ ಶ್ರೀನಿವಾಸಪುರಕ್ಕೆ ಅದು ದೂರವಲ್ಲ. ಘಟಕದಲ್ಲಿ ಪೆಟ್ಟಿಗೆಗಳ ನಡುವೆ ಕಿರಣದ ಪ್ರಮಾಣ ಅಳೆಯುವ ಪುಟ್ಟ ಮಾಪಕಗಳನ್ನು ಇಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ಅವುಗಳನ್ನು ತೆಗೆದು ಅಂಕಿ ಓದುತ್ತಾರೆ, ಅತ್ಯಂತ ಕಡಿಮೆ ಕಿರಣ ತಾಗಿದ ಮೂಲೆಯಲ್ಲೂ ಅದು 400 ಮುಟ್ಟಿರಬೇಕು. ಆ ಅಂಕಿ ಕಾಗದಕ್ಕೇರುತ್ತದೆ, ಅಧಿಕಾರಿ ಸಹಿ ಹಾಕುತ್ತಾರೆ, ಪೆಟ್ಟಿಗೆ ವಿಮಾನವೇರುತ್ತದೆ.