ಚರ್ಮ, ಕೂದಲು, ಉಗುರು: ಗೋರಂಟಿಯಿಂದ ಶುರು ಮಾಡಿದರೆ ಸುಲಭ

ನರ್ಸಿಂಗ್ ಮೊದಲ ವರ್ಷದವರಿಗೆ ಈ ಪಾಠ ಬೇಸರ ತರಿಸುವುದು ಹೆಸರುಗಳ ಪಟ್ಟಿಯಿಂದ. ಪಟ್ಟಿ ಸ್ವಲ್ಪ ಬದಿಗಿಡಿ, ಕೈ ನೋಡಿಕೊಳ್ಳಿ. ಮದುವೆಗೆ ಹಚ್ಚಿಕೊಂಡ ಗೋರಂಟಿ ಅಂಗೈಯಲ್ಲಿ ಎರಡು ಮೂರು ವಾರಕ್ಕೆ ಮಾಸುತ್ತದೆ. ಉಗುರಿಗೆ ಹತ್ತಿದ ಬಣ್ಣ ಮಾತ್ರ ತಿಂಗಳುಗಟ್ಟಲೆ ಹೋಗುವುದೇ ಇಲ್ಲ. ಯಾಕೆ?

ಎರಡೂ ಕಡೆ ಗೋರಂಟಿ ಹಿಡಿಯುವುದು ಕೆರಾಟಿನ್ ಅನ್ನೋ ಒಂದೇ ಪ್ರೋಟೀನಿಗೆ. ಆದರೆ ಚರ್ಮದ ಮೇಲ್ಪದರ ಎಪಿಡರ್ಮಿಸ್ ದಿನಾ ಉದುರುತ್ತಿರುತ್ತದೆ. ಅದರ ತಳದಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಸರಿಯುತ್ತಾ ಕೆರಾಟಿನ್ ತುಂಬಿಕೊಂಡು ಸಾಯುತ್ತದೆ, ಆಮೇಲೆ ಉದುರುತ್ತದೆ. ಈ ಇಡೀ ಪಯಣಕ್ಕೆ ಸುಮಾರು 4ರಿಂದ 6 ವಾರ. ಗೋರಂಟಿ ಹತ್ತಿರುವುದು ಮೇಲಿನ ಸತ್ತ ಕೋಶಗಳಿಗೆ, ಹಾಗಾಗಿ ಇನ್ನೂ ಬೇಗ ಹೋಗುತ್ತದೆ. ಉಗುರು ಹಾಗೆ ಉದುರುವುದಿಲ್ಲ, ಬುಡದಿಂದ ಮುಂದಕ್ಕೆ ಬೆಳೆಯುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಕಾಲುಗುರು ಇನ್ನೂ ನಿಧಾನ. ಬುಡದಲ್ಲಿ ಬಣ್ಣವಿಲ್ಲದ ಪಟ್ಟಿ ಕಾಣುತ್ತದಲ್ವಾ, ಅಷ್ಟು ಹೊಸದು. ಅದನ್ನು ತಯಾರಿಸುವುದು ಮ್ಯಾಟ್ರಿಕ್ಸ್, ಅಂದರೆ ಉಗುರಿನ ಬುಡದಲ್ಲಿ ಹೊಸ ಕೋಶ ಹುಟ್ಟುವ ಜಾಗ. ಹೆಬ್ಬೆರಳಿನ ಬಿಳಿ ಅರ್ಧಚಂದ್ರ ಇದೆಯಲ್ಲ, ಅದು ಮ್ಯಾಟ್ರಿಕ್ಸ್‌ನಲ್ಲಿ ಹೊರಗೆ ಕಾಣುವ ಭಾಗ.

ಕೂದಲೂ ಹೀಗೇ. ಕತ್ತರಿಸಿದರೆ ನೋವಿಲ್ಲ, ಏಕೆಂದರೆ ಹೊರಗಿರುವ ಎಳೆ ಸತ್ತದ್ದು. ಕಿತ್ತರೆ ನೋವು, ಏಕೆಂದರೆ ಬುಡದ ಸುತ್ತ ನರಗಳಿವೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂಗೈ, ಅಂಗಾಲಿನಲ್ಲಿ ಕೂದಲೂ ಇಲ್ಲ, ಎಣ್ಣೆ ಗ್ರಂಥಿಯೂ ಇಲ್ಲ. ಇದನ್ನು ಗುರುತು ಹಾಕಿಕೊಳ್ಳಿ, ಒಂದು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ.

ಎಪಿಡರ್ಮಿಸ್‌ನಲ್ಲಿ ರಕ್ತನಾಳ ಇಲ್ಲ. ಹತ್ತಿ ಬಿಡಿಸಿದವರಿಗೆ ಇದು ಗೊತ್ತಿರುವ ವಿಷಯವೇ. ಒಣಗಿದ ಕಾಯಿಯ ಚೂಪು ತುದಿ ಬೆರಳಿಗೆ ಗೀರಿದಾಗ ಒಮ್ಮೊಮ್ಮೆ ಸುಮ್ನೆ ಬಿಳಿ ಗೆರೆ ಮೂಡುತ್ತದೆ, ರಕ್ತ ಬರುವುದಿಲ್ಲ. ರಕ್ತ ಬಂತೆಂದರೆ ಗಾಯ ಒಳಗಿನ ಡರ್ಮಿಸ್‌ವರೆಗೆ ಹೋಗಿದೆ. ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲ ಬುಡ ಎಲ್ಲ ಇರುವುದು ಅಲ್ಲಿ. ಅದರ ಕೆಳಗೆ ಕೊಬ್ಬಿನ ಪದರ.

ಚರ್ಮದ ಕೆಲಸಗಳಲ್ಲಿ ರಕ್ಷಣೆ, ಸ್ಪರ್ಶ, ವಿಟಮಿನ್ ಡಿ ತಯಾರಿಕೆ ಎಲ್ಲರೂ ಬರೆಯುತ್ತಾರೆ. ಮೈಯ ಶಾಖ ಕಾಯುವುದನ್ನು ಮಾತ್ರ ಒಂದು ಸಾಲಿಗೆ ಮುಗಿಸಿಬಿಡುತ್ತಾರೆ. ರಾಯಚೂರಿನವರು ಹಾಗೆ ಮಾಡಬಾರದು! ಸಾಮಾನ್ಯ ದಿನ ಚರ್ಮದ ಶಾಖ ಸುತ್ತಲಿನ ಗಾಳಿಗೆ ಹೋಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಇದ್ದಾಗ ಗಾಳಿಯೇ ಚರ್ಮಕ್ಕಿಂತ ಬಿಸಿ. ಆಗ ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಲಾಭ ಇಲ್ಲ. ಮಳೆ ಬಿದ್ದ ಮೇಲೆ ಮನೆಯ ಕೂಲರ್ ಕೆಲಸ ಮಾಡದ ಹಾಗೆ, ಗಾಳಿಯಲ್ಲಿ ತೇವ ಜಾಸ್ತಿಯಾದರೆ ಬೆವರೂ ಆರುವುದಿಲ್ಲ. ಬಿಸಿಲು ಬಡಿದು ಬಿದ್ದವರ ಮೈಗೆ ನೀರು ಚಿಮುಕಿಸಿ ಜೋರಾಗಿ ಗಾಳಿ ಹಾಕುವುದೂ ಇದೇ ಕಾರಣಕ್ಕೆ. ಪರೀಕ್ಷೆಯಲ್ಲಿ ಕಾರಣ ಸಮೇತ ಬರೆಯಿರಿ.